ಅಂಗ್ಕೋರ್‌ಗೆ ದಾರಿ ಹಾಸನದ ಮೇಲೆ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ನಮ್ಮ ಸುದ್ದಗುಂಟೆಪಾಳ್ಯದ ಮಾತುಕತೆಯಲ್ಲಿ ಈಗ ಊಟಿ, ಮಡಿಕೇರಿಗಳ ಜತೆಗೆ ಕಾಂಬೋಡಿಯಾದ ಹೆಸರೂ ಕೇಳಿಬರುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೋ ಸಿಂಗಪುರಕ್ಕೋ ಹೋಗಿ, ಅಲ್ಲಿ ಇನ್ನೊಂದು ವಿಮಾನ ಹತ್ತಿದರೆ ಸಿಯೆಮ್ ರೀಪ್. ಅಂಗ್ಕೋರ್ ದೇವಾಲಯಗಳಿಗೆ ಅದೇ ಬಿಡಾರದ ಊರು. ನಾನು ಹೋಗಿ ಬಂದವಳೆಂದು ಗೊತ್ತಾದ ಮೇಲೆ ತರಕಾರಿ ಅಂಗಡಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಓದುಗರ ಪತ್ರಗಳಲ್ಲಿ ಅವೇ ಪ್ರಶ್ನೆಗಳು. "ಎಷ್ಟು ದಿನ ಇಟ್ಕೋಬೇಕು ಮೇಡಂ?" "ಅಮ್ಮನಿಗೆ ಮಂಡಿನೋವು, ಕರ್ಕೊಂಡು ಹೋಗಬಹುದಾ?" "ಊಟಕ್ಕೆ ಏನು ಗತಿ?" ಇವೆಲ್ಲ ಮುಗಿದ ಮೇಲೆ, ಸ್ವಲ್ಪ ಹೆಮ್ಮೆಯಿಂದ, "ಅದೆಲ್ಲ ನಮ್ಮವರೇ ಕಟ್ಟಿದ್ದಂತೆ, ಹೌದಾ?"

ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು ಕೇಳಿದವರಿಗೆಲ್ಲ ನಾನು ಹೇಳುವ ಮಾತು ಒಂದೇ: ವಿಮಾನದ ಟಿಕೆಟ್ ತೆಗೆಯುವ ಮುನ್ನ ಒಂದು ಶನಿವಾರ ಬೆಳಿಗ್ಗೆ ಬೇಗ ಎದ್ದು ಹಾಸನದ ಕಡೆ ಹೋಗಿ ಬನ್ನಿ. ಕನ್ನಡ ನಾಡಿನ ದೇವಾಲಯಗಳನ್ನು ಗಮನವಿಟ್ಟು ನೋಡಿದವರಿಗೆ ಅಂಗ್ಕೋರ್ ತನ್ನ ಅರ್ಧ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಯುರೋಪಿನ ಪ್ರವಾಸಿ ದಪ್ಪ ಪುಸ್ತಕ ಓದಿ ತಿಳಿದುಕೊಳ್ಳಬೇಕಾದ ಕಥೆಗಳನ್ನು ನಾವು ಅಜ್ಜಿಯ ಬಾಯಲ್ಲಿ, ಯಕ್ಷಗಾನದ ಆಟದಲ್ಲಿ, ಹರಿಕಥೆಯಲ್ಲಿ ಕೇಳಿ ಬೆಳೆದಿದ್ದೇವೆ. ಆ ಅನುಕೂಲವನ್ನು ಬಳಸಿಕೊಳ್ಳದೆ ಹೋಗಿ ಬರುವುದು ದೊಡ್ಡ ನಷ್ಟ.

ಮೊದಲು ಕಾಲದ ಲೆಕ್ಕ ನೋಡೋಣ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಕೆರೆಯ ಮಗ್ಗುಲಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಇದೆ. ನಾಲ್ಕು ಗರ್ಭಗುಡಿಗಳ ಈ ದೇವಾಲಯವನ್ನು 1113ರ ಸುಮಾರಿಗೆ ಕಟ್ಟಿಸಿದವರು ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಅದೇ 1113ರಲ್ಲಿ ಕಾಂಬೋಡಿಯಾದಲ್ಲಿ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದ. ಅಂಗ್ಕೋರ್ ವಾಟ್ ಕಟ್ಟಿಸಿದವನು ಅವನೇ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸುವ ಹೊತ್ತಿಗೆ ಅಲ್ಲಿ ಇನ್ನೊಬ್ಬ ಅರಸು ಅದೇ ವಿಷ್ಣುವಿಗೆ ಮನೆ ಕಟ್ಟುವ ಸಿದ್ಧತೆಯಲ್ಲಿದ್ದ. 1121ರ ಸುಮಾರಿಗೆ ಕೇತಮಲ್ಲನ ಮುಂದಾಳುತನದಲ್ಲಿ ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾಯಿತು. ಈ ಇಬ್ಬರು ಅರಸರಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದಿರಲಾರದು. ಆದರೂ ಹನ್ನೆರಡನೇ ಶತಮಾನದ ಮೊದಲರ್ಧದಲ್ಲಿ ಉಳಿಯ ಸದ್ದು ಎರಡೂ ಕಡೆ ಒಟ್ಟಿಗೇ ಕೇಳುತ್ತಿತ್ತು.

ಇದು ಒಂದೇ ಜೋಡಿಯಲ್ಲ. ನಮ್ಮ ಪಾಳ್ಯದಿಂದ ಸ್ವಲ್ಪ ದೂರದ ಬೇಗೂರಿನಲ್ಲಿ ನಾಗೇಶ್ವರ ದೇವಾಲಯವಿದೆ. ಬೆಂಗಳೂರಿನ ಹೆಸರನ್ನು ಮೊದಲು ಹೇಳುವ ಶಾಸನ ಅಲ್ಲಿಯ ವೀರಗಲ್ಲಿನದು, ಸುಮಾರು 890ರದು. ಆಗತಾನೇ, 889ರಲ್ಲಿ, ಯಶೋವರ್ಮ ಪಟ್ಟಕ್ಕೆ ಬಂದು ಅಂಗ್ಕೋರ್ ನೆಲದಲ್ಲಿ ತನ್ನ ರಾಜಧಾನಿ ಯಶೋಧರಪುರವನ್ನು ಕಟ್ಟಲು ಹೊರಟಿದ್ದ. ಅಂಗ್ಕೋರ್‌ನ ಕೊನೆಯ ದೊಡ್ಡ ಕಟ್ಟೋಣಗಾರ ಏಳನೇ ಜಯವರ್ಮ ಆಳಿದ್ದು 1181ರಿಂದ 1218ರ ಸುಮಾರಿನವರೆಗೆ. ನಮ್ಮ ವೀರಬಲ್ಲಾಳನ ಕಾಲ 1173ರಿಂದ 1220. ಈ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗ್ಕೋರ್‌ನ ಅರಸರ ಹೆಸರುಗಳು ಗೋಜಲಾಗುವುದಿಲ್ಲ. ಬೇಗೂರಿನ ಕಾಲದ್ದು, ಬೇಲೂರಿನ ಕಾಲದ್ದು, ವೀರಬಲ್ಲಾಳನ ಆಳ್ವಿಕೆಯ ಅಮೃತಪುರದ ಕಾಲದ್ದು ಎಂದು ಗುರುತು ಹಾಕಿಕೊಳ್ಳುತ್ತಾ ಹೋಗಬಹುದು. ಕಾಲ ಎಣಿಸುವ ಲೆಕ್ಕವೂ ಎರಡೂ ಕಡೆ ಒಂದೇ. ಬಾದಾಮಿಯ ಬಂಡೆಯ ಮೇಲೆ ಮೊದಲನೇ ಪುಲಿಕೇಶಿ ಬರೆಸಿದ್ದು ಶಕವರ್ಷ 465ರಲ್ಲಿ. ಮೆಕಾಂಗ್ ನದಿಯ ದಡದಲ್ಲಿ ಸಿಕ್ಕ, ಕಾಂಬೋಡಿಯಾದ ಖ್ಮೇರ್ ಜನರ ಶಾಸನವೊಂದರ ತಾರೀಖು ಶಕವರ್ಷ 605. ಸೊನ್ನೆಯನ್ನು ಅಂಕಿಯಾಗಿ ಬರೆದು ತೋರಿಸಿದ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದೂ ಒಂದು.

ಕಾಲ ಒಂದೇ, ಕಥೆ ಒಂದೇ, ಲೆಕ್ಕ ಒಂದೇ. ಹಾಗಿದ್ದೂ ಕಟ್ಟಡ ಇಷ್ಟು ಬೇರೆಯಾದದ್ದು ಹೇಗೆ? ಅಂಗ್ಕೋರ್‌ನಲ್ಲಿ ನೋಡಬೇಕಾದ್ದು ಇದನ್ನೇ. ಉತ್ತರದ ಒಂದು ಪಾಲು ಕಲ್ಲಿನಲ್ಲಿದೆ. ಹೊಯ್ಸಳರು ಆರಿಸಿಕೊಂಡದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಮದನಿಕೆಯ ಬಳೆ ಬೇರೆ, ಮುಂಗೈ ಬೇರೆ ಎಂದು ಬಿಡಿಸಿ ಕೆತ್ತಬಹುದು. ಕಂಬಗಳನ್ನು ತಿರುಗಣೆಗೆ ಕೊಟ್ಟು ನುಣುಪು ಮಾಡಬಹುದು. ಖ್ಮೇರರದು ಮರಳುಗಲ್ಲು. ಕುಲೇನ್ ಬೆಟ್ಟದ ತಪ್ಪಲಿನಲ್ಲಿ ಕಡಿದು ಕಾಲುವೆಗಳ ಮೂಲಕ ಸಾಗಿಸುತ್ತಿದ್ದರು. ಒಳಗಿನ ಭರ್ತಿಗೆ, ಪಾಗಾರಕ್ಕೆ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಮುರಕಲ್ಲು. ಗೋಡೆಯ ಕಲ್ಲುಗಳಲ್ಲಿ ಅಲ್ಲಲ್ಲಿ ಬೆರಳು ತೂರುವಷ್ಟು ದುಂಡನೆಯ ತೂತುಗಳು ಕಾಣುತ್ತವೆ. ಗುಂಡೇಟಿನ ಗುರುತು ಎಂದು ಪ್ರವಾಸಿಗಳು ಮಾತಾಡಿಕೊಳ್ಳುವುದುಂಟು. ಕಲ್ಲನ್ನು ಎತ್ತಿ ಕೂರಿಸಲು ಗೂಟ ಸಿಕ್ಕಿಸಿದ ಜಾಗಗಳು ಅವು.

ಇನ್ನೊಂದು ಪಾಲು ಕಟ್ಟಿಸಿದವರ ಬಗೆಯಲ್ಲಿದೆ. ನಮ್ಮಲ್ಲಿ ವರ್ತಕರು, ದಂಡನಾಯಕರು, ರಾಣಿಯರು, ಊರಿನ ಮಹಾಜನರು ಎಲ್ಲರೂ ಗುಡಿ ಕಟ್ಟಿಸಿದರು. ಹಾಗಾಗಿ ಹೊಯ್ಸಳ ಗುಡಿಗಳು ಊರೂರಿಗೆ ಹರಡಿದವು. ಖ್ಮೇರ್ ರಾಜ್ಯದ ಶ್ರಮ ಬಹುಮಟ್ಟಿಗೆ ರಾಜಧಾನಿಯಲ್ಲಿ ಕೂಡಿಕೊಂಡಿತು. ಒಬ್ಬೊಬ್ಬ ಅರಸನೂ ತನ್ನ ಆಳ್ವಿಕೆಯ ನಡುವಿಗೆ ಒಂದು ಮೇರುಪರ್ವತವನ್ನು ನಿಲ್ಲಿಸಬೇಕೆಂದು ಬಯಸಿದ. ಅದಕ್ಕೇ ಅಲ್ಲಿಯ ದೊಡ್ಡ ಗುಡಿಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಬೆಟ್ಟಗಳು. ಅರಮನೆ, ಮನೆಗಳೆಲ್ಲ ಮರದವು. ಕಲ್ಲಿನ ಮನೆ ದೇವರಿಗೆ ಮಾತ್ರ. ಮರ ಮಣ್ಣಾಯಿತು, ಕಲ್ಲು ಉಳಿಯಿತು. ಕಾಡಿನ ನಡುವೆ ಬರೀ ಗುಡಿಗಳು ನಿಂತಂತೆ ಕಾಣಲು ಇದೇ ಕಾರಣ. 2012ರಿಂದ ಈಚೆಗೆ ಹೆಲಿಕಾಪ್ಟರಿನಿಂದ ಲೇಸರ್ ಹಾಯಿಸಿ ಅಳೆದಾಗ ಆ ಕಾಡಿನಡಿ ಬೀದಿಗಳು, ಕೆರೆಗಳು, ಮನೆಯ ದಿಬ್ಬಗಳು ಸಾಲುಸಾಲಾಗಿ ಗೋಚರವಾದವು. ನೀವು ಗುಡಿಯಿಂದ ಗುಡಿಗೆ ಹೋಗುವಾಗ ದಾಟುವ ಕಾಡು ಒಂದು ಮಹಾನಗರದ ಬೀದಿಗಳಾಗಿತ್ತು.

ಅಂಗ್ಕೋರ್ ವಾಟ್‌ನ ಅಳತೆ ಮೊದಲೇ ಗೊತ್ತಿರುವುದು ಒಳ್ಳೆಯದು. ನಮ್ಮ ಲಾಲ್‌ಬಾಗ್ 240 ಎಕರೆ. ಅಂಗ್ಕೋರ್ ವಾಟ್ ಕಂದಕವೂ ಸೇರಿ ಸುಮಾರು 400 ಎಕರೆ. ಕಂದಕವೇ ಸುಮಾರು 190 ಮೀಟರ್ ಅಗಲ. ನಡುವಿನ ಗೋಪುರ ನೆಲದಿಂದ 65 ಮೀಟರ್ ಎತ್ತರ. ಇಷ್ಟು ದೊಡ್ಡದರ ಒಳಗೆ ವಿಶಾಲವಾದ ಒಂದು ಸಭಾಂಗಣವೂ ಇಲ್ಲ. ಕಮಾನಿನ ತಂತ್ರವನ್ನು ಹೊಯ್ಸಳರೂ ಬಳಸಲಿಲ್ಲ, ಖ್ಮೇರರೂ ಬಳಸಲಿಲ್ಲ. ಹೊಯ್ಸಳರು ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ ತೊಲೆ ಹೊದಿಸಿ ನವರಂಗವನ್ನು ಅಗಲ ಮಾಡಿಕೊಂಡರು. ಜನ ಕೂಡಲು, ನರ್ತನ ನಡೆಯಲು ಅಲ್ಲಿ ಜಾಗವಾಯಿತು. ಖ್ಮೇರರು ಎರಡೂ ಬದಿಯಿಂದ ಕಲ್ಲನ್ನು ಒಂದಿಷ್ಟಿಷ್ಟೇ ಮುಂದಕ್ಕೆ ಚಾಚಿ ಮೇಲೆ ಕೂಡಿಸಿದರು. ಹೀಗೆ ಮುಚ್ಚಿದ ಜಾಗ ಅಗಲವಾಗಲಾರದು, ಎಷ್ಟು ಉದ್ದ ಬೇಕಾದರೂ ಆಗಬಹುದು. ಆದ್ದರಿಂದಲೇ ಅಲ್ಲಿ ಮೈಲುದ್ದ ಸಾಗುವಂತೆ ತೋರುವ ಮೊಗಸಾಲೆಗಳು ಹುಟ್ಟಿದವು. ಆ ಮೊಗಸಾಲೆಯ ಗೋಡೆಗಳೇ ಶಿಲ್ಪಿಗಳಿಗೆ ಹಾಳೆಯಾದವು.

ಹಳೇಬೀಡಿನಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲಿನ ಮೇಲೆ ರಾಮಾಯಣ ಮಹಾಭಾರತಗಳು ಗೇಣುದ್ದದ ಪಟ್ಟಿಯಲ್ಲಿ ಓಡುತ್ತವೆ. ಬಗ್ಗಿ, ಹತ್ತಿರ ಹೋಗಿ, ಒಂದೊಂದೇ ಗೊಂಬೆಯನ್ನು ಗುರುತಿಸಬೇಕು. ಅಂಗ್ಕೋರ್ ವಾಟ್‌ನ ಕುರುಕ್ಷೇತ್ರ ಸುಮಾರು 49 ಮೀಟರ್ ಉದ್ದ, ಆಳೆತ್ತರಕ್ಕೂ ಮಿಗಿಲು. ಎಡದಿಂದ ಕೌರವರ ಸೇನೆ, ಬಲದಿಂದ ಪಾಂಡವರದು. ಎರಡು ತುದಿಯಲ್ಲಿ ಕಾಲಾಳುಗಳು ಶಿಸ್ತಾಗಿ ಹೆಜ್ಜೆ ಹಾಕುತ್ತಾರೆ. ಮಧ್ಯಕ್ಕೆ ಬಂದಂತೆ ಶಿಸ್ತು ಕೆಟ್ಟು ಆನೆ, ರಥ, ದೇಹಗಳು ಒಂದರ ಮೇಲೊಂದು ಬೀಳುತ್ತವೆ. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ಗುರುತಿಸಲು ನಮಗೆ ಗೈಡ್ ಬೇಕಿಲ್ಲ. ನನ್ನ ಜತೆಗಿದ್ದ ಅತ್ತೆಯವರು ದೂರದಿಂದಲೇ "ಅಗೋ, ಭೀಷ್ಮಾಚಾರ್ಯರು!" ಎಂದು ಕೈ ತೋರಿಸಿದಾಗ, ಅಲ್ಲಿ ಪುಸ್ತಕ ಹಿಡಿದು ತಡಕಾಡುತ್ತಿದ್ದ ಬೇರೆ ದೇಶದವರು ಅವರ ಸುತ್ತ ನೆರೆದರು. ಅತ್ತೆ ಕನ್ನಡದಲ್ಲಿ ಕಥೆ ಹೇಳಿದರು, ನಾನು ಅನುವಾದ ಮಾಡುತ್ತಾ ಹೋದೆ.

ಮುಖ್ಯವಾದ ಒಂದು ಸೂಚನೆ. ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆ. ಒಳಗೆ ಹೋದವರ ಕಾಲು ಅಭ್ಯಾಸಬಲದಿಂದ ಪ್ರದಕ್ಷಿಣೆಗೆಂದು ಎಡಕ್ಕೆ ತಿರುಗುತ್ತದೆ. ಶಿಲ್ಪಗಳನ್ನು ಅನುಕ್ರಮವಾಗಿ ನೋಡಲು ಬಲಕ್ಕೆ ತಿರುಗಿ, ಅಪ್ರದಕ್ಷಿಣೆಯಾಗಿ ನಡೆಯಬೇಕು. ಇದೇ ಕಾರಣಕ್ಕೆ ಇದನ್ನು ಅರಸನ ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ ಗುಡಿಯೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಹಾಗೆ ನಡೆದರೆ ಮೊದಲು ಕುರುಕ್ಷೇತ್ರ, ತಿರುಗಿದ ಕೂಡಲೇ ಸೂರ್ಯವರ್ಮನ ಒಡ್ಡೋಲಗ ಮತ್ತು ದಂಡಯಾತ್ರೆ, ಅದರ ಮುಂದೆ ಕೋಣವೇರಿದ ಯಮ, ಲೆಕ್ಕ ನೋಡುವ ಚಿತ್ರಗುಪ್ತ, ಮೂವತ್ತೇಳು ಸ್ವರ್ಗ, ಮೂವತ್ತೆರಡು ನರಕ. ಮತ್ತೆ ತಿರುಗಿದರೆ ಸಮುದ್ರಮಥನ. ಇದರ ಮುಂದೆ ಅವಸರ ಬೇಡ. ವಾಸುಕಿಯ ಹೆಡೆಯ ಕಡೆ 92 ಅಸುರರು, ಬಾಲದ ಕಡೆ 88 ದೇವತೆಗಳು, ಬಾಲದ ತುದಿ ಹಿಡಿದ ಹನುಮಂತ, ನಡುವೆ ವಿಷ್ಣು. ಅಸುರರ ಗುಡ್ಡೆಗಣ್ಣು ಮತ್ತು ಶಿರಸ್ತ್ರಾಣ ಬಿಟ್ಟರೆ ಎರಡೂ ಸಾಲಿನ ಮೈಕಟ್ಟು ಒಂದೇ, ಎಳೆಯುವ ಬಿಗಿಯೂ ಒಂದೇ. ಅವರ ಕಾಲ ಕೆಳಗೆ ಮೀನು, ಮೊಸಳೆಗಳು. ಕಡೆಗೋಲಿನ ಹತ್ತಿರ ಬಂದಂತೆ ಅವು ತುಂಡುತುಂಡಾಗಿವೆ. ಕಡಲು ಕಡೆಯುವ ರಭಸವನ್ನು ಶಿಲ್ಪಿ ಮೇಲಿನವರ ಮುಖದಲ್ಲಿ ತೋರಿಸದೆ ಈ ಮೀನುಗಳಲ್ಲಿ ತೋರಿಸಿದ್ದಾನೆ.

ಆ ಶಿಲ್ಪಿ ಯಾರು? ಹೆಸರಿಲ್ಲ. ನಮ್ಮಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದರು. ಅಂಗ್ಕೋರ್ ವಾಟ್‌ನ ಗೋಡೆಗಳಲ್ಲಿ 1,800ರಷ್ಟು ದೇವತಾಸ್ತ್ರೀಯರಿದ್ದಾರೆ, ತುರುಬಿನ ಬಗೆಗಳೇ ಎಣಿಕೆಗೆ ಸಿಗದಷ್ಟಿವೆ. ಅವರನ್ನು ಕೆತ್ತಿದ ಒಬ್ಬನ ಹೆಸರೂ ನಮಗೆ ದಕ್ಕಿಲ್ಲ. ಬೇಲೂರಿನ ಮದನಿಕೆಯ ಪೀಠದ ಮೇಲೆ ಕನ್ನಡ ಅಕ್ಷರ ಓದಿ ಬಂದವರಿಗೆ ಈ ಮೌನ ಎದ್ದು ಕಾಣುತ್ತದೆ. ನಮ್ಮ ಶಾಸನಗಳ ಬೆಲೆ ನನಗೆ ಪೂರ್ತಿಯಾಗಿ ಅರಿವಾದದ್ದು ಅಲ್ಲಿ ನಿಂತಾಗಲೇ.

ಅಂಗ್ಕೋರ್ ವಾಟ್ ಬಿಟ್ಟರೆ ಕನ್ನಡಿಗರು ತಪ್ಪಿಸಬಾರದ ಗುಡಿ ಬಂತೇ ಸ್ರೈ. ಕೆಂಪು ಮರಳುಗಲ್ಲಿನ ಪುಟ್ಟ ಶಿವಾಲಯ, 967ರಲ್ಲಿ ಪ್ರತಿಷ್ಠೆಯಾದದ್ದು. ಕಟ್ಟಿಸಿದವನು ಯಜ್ಞವರಾಹ, ಆಸ್ಥಾನದ ವಿದ್ವಾಂಸ, ಮುಂದೆ ಅರಸನಾದ ಐದನೇ ಜಯವರ್ಮನ ಗುರು. ಆಮೇಲೆ ಹದಿನಾಲ್ಕು ವರ್ಷಕ್ಕೆ, 981ರ ಸುಮಾರಿಗೆ, ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯ ಬಾಹುಬಲಿಯನ್ನು ನಿಲ್ಲಿಸಿದ. ಇಬ್ಬರೂ ಅರಸರಲ್ಲ, ಇಬ್ಬರೂ ಅರಸರ ಪಕ್ಕದಲ್ಲಿದ್ದ ಪಂಡಿತರು. ಒಬ್ಬನದು 58 ಅಡಿಯ ಏಕಶಿಲೆ, ಇನ್ನೊಬ್ಬನದು ಸುಮಾರು ಮೂರೂವರೆ ಅಡಿಯ ಬಾಗಿಲಿನ ಗರ್ಭಗುಡಿ. ಆ ಬಾಗಿಲ ಸುತ್ತಿನ ಕೆತ್ತನೆಯಲ್ಲಿ ಹೊಯ್ಸಳರನ್ನು ನೆನಪಿಸುವ ಕುಸುರಿಯಿದೆ. ಅಲ್ಲಿ ರಾವಣ ಕೈಲಾಸವನ್ನೆತ್ತುವ ಶಿಲ್ಪದ ಮುಂದೆ ನಿಲ್ಲಿ. ಹಳೇಬೀಡಿನಲ್ಲೂ ಇದೇ ಕಥೆಯ ಪ್ರಸಿದ್ಧ ಶಿಲ್ಪವಿದೆ, ಅದನ್ನು ನೋಡಿ ಬಂದಿದ್ದರೆ ಇನ್ನೂ ಒಳ್ಳೆಯದು. ಹಳೇಬೀಡಿನ ರಾವಣನ ಮೇಲೆ ಕೈಲಾಸ ತುಂಬಿ ತುಳುಕುತ್ತದೆ, ತೆರಪೇ ಇಲ್ಲ. ಬಂತೇ ಸ್ರೈನಲ್ಲಿ ಕೈಲಾಸ ಮೆಟ್ಟಿಲಿನ ಬೆಟ್ಟ, ಅಂದರೆ ಖ್ಮೇರ್ ಗುಡಿಯದೇ ಆಕಾರ. ಕೆಳಗೆ ಆನೆ, ಸಿಂಹ ಹೆದರಿ ಓಡುತ್ತವೆ, ಮೇಲಿನ ಮೆಟ್ಟಿಲಲ್ಲಿ ಋಷಿಗಳು ಕಂಗಾಲಾಗಿದ್ದಾರೆ, ತುದಿಯಲ್ಲಿ ಉಮೆ ಬೆಚ್ಚಿ ಶಿವನಿಗೆ ಅಂಟಿಕೊಂಡಿದ್ದಾಳೆ, ಶಿವ ಮಾತ್ರ ನಿಶ್ಚಿಂತ. ಒಂದೇ ಕಥೆಯನ್ನು ಎರಡು ನಾಡು ಎಷ್ಟು ಬೇರೆಯಾಗಿ ಕಂಡವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಪಂಪ, ರನ್ನರನ್ನು ಓದಿದವರಿಗೆ ಇನ್ನೊಂದು ಊರಿದೆ. ಅಂಗ್ಕೋರ್‌ನಿಂದ ಈಶಾನ್ಯಕ್ಕಿರುವ ಕೋ ಕೆರ್, ಹತ್ತನೇ ಶತಮಾನದಲ್ಲಿ ಕೆಲವು ಕಾಲ ರಾಜಧಾನಿಯಾಗಿತ್ತು. ಅಲ್ಲಿಯ ಒಂದು ಗುಡಿಯ ಬಾಗಿಲಲ್ಲಿ ಭೀಮ ದುರ್ಯೋಧನರ ಗದಾಯುದ್ಧವನ್ನು ಆಳೆತ್ತರದ ಬಿಡಿ ಮೂರ್ತಿಗಳಲ್ಲಿ ನಿಲ್ಲಿಸಿದ್ದರು. ಸುತ್ತ ಬಲರಾಮ, ಉಳಿದ ಪಾಂಡವರು ನೋಡುತ್ತಾ ಕುಳಿತಿದ್ದರು. ಪಂಪ ವಿಕ್ರಮಾರ್ಜುನ ವಿಜಯವನ್ನು ಬರೆದದ್ದು 941ರಲ್ಲಿ, ಕೋ ಕೆರ್ ರಾಜಧಾನಿಯಾಗಿದ್ದ ಕಾಲದಲ್ಲೇ. ರನ್ನನ ಗದಾಯುದ್ಧ ಬಂದದ್ದು 982ರ ಸುಮಾರಿಗೆ. ರನ್ನ ಮಾತಿನಲ್ಲಿ ಕಟ್ಟುವ ಮೊದಲೇ ಖ್ಮೇರ್ ಶಿಲ್ಪಿ ಕಲ್ಲಿನಲ್ಲಿ ಆ ಕಾಳಗವನ್ನು ನಿಲ್ಲಿಸಿದ್ದ. ಅಂತರ್ಯುದ್ಧದ ಗೊಂದಲದಲ್ಲಿ ಕಳ್ಳರು ಆ ಮೂರ್ತಿಗಳನ್ನು ಪಾದದ ಬಳಿ ಕತ್ತರಿಸಿ ಸಾಗಿಸಿದರು. ದುರ್ಯೋಧನ 1975ರಲ್ಲಿ ಲಂಡನ್ನಿನಲ್ಲಿ ಮಾರಾಟವಾಗಿ, 2011ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದ. ಭೀಮ ಕ್ಯಾಲಿಫೋರ್ನಿಯಾದ ಮ್ಯೂಸಿಯಂ ಒಂದರಲ್ಲಿದ್ದ. ಕೋ ಕೆರ್‌ನ ಪೀಠಗಳಲ್ಲಿ ಉಳಿದಿದ್ದ ಪಾದಗಳೇ ಸಾಕ್ಷಿ ಹೇಳಿದವು. 2014ರಲ್ಲಿ ಇಬ್ಬರೂ ತಮ್ಮ ದೇಶಕ್ಕೆ ಮರಳಿದರು. ನಾಮ್ ಪೆನ್‌ಗೆ ಹೋಗುವವರು ಅವರನ್ನು ನೋಡಲು ಅಲ್ಲಿಯ ರಾಷ್ಟ್ರೀಯ ಮ್ಯೂಸಿಯಂಗೆ ಅರ್ಧ ದಿನ ಮೀಸಲಿಡಿ.

ಶಿರಸಿ ಕಡೆಯವರಾದರೆ ಕ್ಬಾಲ್ ಸ್ಪಿಯನ್‌ಗೆ ಹೋಗಿ. ಕುಲೇನ್ ಬೆಟ್ಟಸಾಲಿನಲ್ಲಿ ಹರಿಯುವ ಹೊಳೆಯ ಪಾತ್ರದಲ್ಲೇ ಸಾಲು ಸಾಲು ಲಿಂಗಗಳು, ಶೇಷಶಾಯಿ ವಿಷ್ಣು. ಹನ್ನೊಂದನೇ ಶತಮಾನದ ಕೆಲಸ. ಕೆಳಗಿನ ಗದ್ದೆಗಳಿಗೆ, ರಾಜಧಾನಿಗೆ ಹೋಗುವ ನೀರು ಈ ಲಿಂಗಗಳ ಮೇಲೆ ಹಾದು ತೀರ್ಥವಾಗಿ ಇಳಿಯಲಿ ಎಂಬ ಭಾವನೆ ಅದರ ಹಿಂದಿದೆ. ನಮ್ಮ ಶಾಲ್ಮಲಾ ಹೊಳೆಯ ಸಹಸ್ರಲಿಂಗ ಸೋದೆ ಅರಸರ ಕಾಲದ್ದು, ಆರು ಶತಮಾನ ಈಚಿನದು. ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡಿದ್ದಲ್ಲ. ಕಲ್ಲು, ನೀರು, ಶಿವಭಕ್ತಿ ಒಂದೆಡೆ ಕೂಡಿದಾಗ ಮನುಷ್ಯನಿಗೆ ಹೊಳೆಯುವುದು ಒಂದೇ ಬಗೆಯದಾಗಿರಬಹುದು. ಅಂಗ್ಕೋರ್ ನಿಂತದ್ದೇ ನೀರಿನ ಮೇಲೆ. ಪಶ್ಚಿಮ ಬರಾಯ್ ಎಂಬ ಕೆರೆ ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ. ಕೆರೆ ಕಟ್ಟಿಸು ಎನ್ನುವ ನಾಡಿನಿಂದ ಹೋದವರು ಗುಡಿಗಳ ಜತೆಗೆ ಅದರ ಏರಿಯ ಮೇಲೂ ಒಮ್ಮೆ ನಡೆಯಬೇಕು.

ಬಾಯೋನ್ ಅಂದರೆ ಎಲ್ಲರಿಗೂ ನೆನಪಾಗುವುದು ಗೋಪುರಗಳ ನಾಲ್ಕೂ ದಿಕ್ಕಿಗೆ ನಗುತ್ತಿರುವ ಮುಖಗಳು. ಏಳನೇ ಜಯವರ್ಮನ ಈ ಬೌದ್ಧ ಗುಡಿಯ ಹೊರ ಮೊಗಸಾಲೆಯೇ ನನಗೆ ಹೆಚ್ಚು ಇಷ್ಟ. ಅಲ್ಲಿ ಅರಸರ ಜತೆಗೆ ಜನ ಇದ್ದಾರೆ. ಸಂತೆಯಲ್ಲಿ ತಕ್ಕಡಿ ಹಿಡಿದ ಹೆಂಗಸರು, ಹೆರಿಗೆ ಮಾಡಿಸುವ ಸೂಲಗಿತ್ತಿ, ಎತ್ತಿನ ಗಾಡಿ, ಒಲೆಯ ಮೇಲೆ ಅನ್ನ, ಮೀನು ಹಿಡಿಯುವವರು. ಒಂದು ಕಡೆ ಕೋಳಿ ಅಂಕ. ಎರಡು ಹುಂಜಗಳನ್ನು ಎದುರುಬದುರು ಹಿಡಿದ ಇಬ್ಬರು, ಹಿಂದೆ ಬಾಜಿ ಕಟ್ಟಿ ಕೂಗುವ ಗುಂಪು. ತುಳುನಾಡಿನವರು ಇದರ ಮುಂದೆ ನಿಂತರೆ ಮನೆಯ ಹಿಂದಿನ ಗದ್ದೆಯೇ ನೆನಪಾದೀತು. ಕೈ ಮುಟ್ಟಿ ಮುಟ್ಟಿ ಕೆಲವು ಶಿಲ್ಪಗಳು ಕನ್ನಡಿಯಂತೆ ಹೊಳೆಯುತ್ತಿವೆ. ದಯವಿಟ್ಟು ಮುಟ್ಟಬೇಡಿ. ಮಕ್ಕಳಿಗೂ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ತಾ ಪ್ರೋಮ್, ಮರದ ಬೇರುಗಳು ಗೋಡೆಯನ್ನು ತಬ್ಬಿಕೊಂಡಿರುವ ಗುಡಿ. ಅದರ 1186ರ ಶಾಸನದಲ್ಲಿ 615 ನರ್ತಕಿಯರ ಉಲ್ಲೇಖವಿದೆ, ರಾಜ್ಯದಲ್ಲಿದ್ದ 102 ಆಸ್ಪತ್ರೆಗಳ ಲೆಕ್ಕವೂ ಇದೆ. ಅಲ್ಲಿಯ ನರ್ತನಶಾಲೆಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಭಾರತೀಯ ಪುರಾತತ್ವ ಸರ್ವೇಕ್ಷಣೆ, ಕಾಂಬೋಡಿಯಾದ ಅಪ್ಸರಾ ಪ್ರಾಧಿಕಾರದ ಜತೆಗೂಡಿ. ಅದಕ್ಕೂ ಮೊದಲು, 1986ರಿಂದ 1993ರವರೆಗೆ, ದೇಶದಲ್ಲಿ ಇನ್ನೂ ಯುದ್ಧದ ಹೊಗೆಯಾಡುತ್ತಿದ್ದಾಗ ನಮ್ಮ ಸರ್ವೇಕ್ಷಣೆಯ ತಂಡಗಳು ಅಂಗ್ಕೋರ್ ವಾಟ್‌ನಲ್ಲಿ ದುರಸ್ತಿ ಮಾಡಿದವು. ಆ ಕೆಲಸದ ವಿವರವನ್ನು ಸರ್ವೇಕ್ಷಣೆಯ ಬಿ. ನರಸಿಂಹಯ್ಯ ಪುಸ್ತಕವಾಗಿ ದಾಖಲಿಸಿದ್ದಾರೆ. ಕಲ್ಲು ತೊಳೆಯಲು ರಾಸಾಯನಿಕ ಬಳಸಿದ್ದನ್ನು ಆಗ ಹೊರದೇಶದ ತಜ್ಞರು ಟೀಕಿಸಿದ್ದೂ ನಿಜ. ಬೇರೆ ದೇಶಗಳು ಬರಲು ಹಿಂಜರಿದ ಕಾಲದಲ್ಲಿ ನಮ್ಮವರು ಹೋಗಿದ್ದರೆಂಬುದೂ ಅಷ್ಟೇ ನಿಜ.

ಈಗ ಆ ಹೆಮ್ಮೆಯ ಪ್ರಶ್ನೆಗೆ ಬರುತ್ತೇನೆ. ಅಂಗ್ಕೋರ್ ಕಟ್ಟಿದವರು ನಮ್ಮವರಲ್ಲ, ಖ್ಮೇರರು. ಭಾರತದಿಂದ ದಂಡೆತ್ತಿ ಹೋಗಿ ಯಾರೂ ಆ ನಾಡನ್ನು ಗೆದ್ದು ಗುಡಿ ಕಟ್ಟಿಸಲಿಲ್ಲ. ಕಡಲ ವ್ಯಾಪಾರದ ದಾರಿಯಲ್ಲಿ ಸಂಸ್ಕೃತ, ದಕ್ಷಿಣ ಭಾರತದ ಲಿಪಿ, ಶಿವ, ವಿಷ್ಣು, ಬುದ್ಧ, ರಾಮಾಯಣ, ಮಹಾಭಾರತ ಎಲ್ಲ ಅಲ್ಲಿಗೆ ಹೋದವು. ಅವುಗಳಲ್ಲಿ ತಮಗೆ ಬೇಕಾದ್ದನ್ನು ಆಯ್ದುಕೊಂಡು, ತಮ್ಮ ಬೆಟ್ಟದ ಆರಾಧನೆ, ತಮ್ಮ ನೀರಿನ ವಿದ್ಯೆ, ತಮ್ಮ ಕಲ್ಲಿನ ಕಸುಬಿನ ಜತೆ ಬೆರೆಸಿ ಕಟ್ಟಿದ ಜಾಣ್ಮೆ ಅವರದೇ. ನಮ್ಮಲ್ಲಿ ಎಲ್ಲೂ ಅಂಗ್ಕೋರ್ ವಾಟ್‌ನಂಥ ಗುಡಿ ಇಲ್ಲ ಎನ್ನುವುದೇ ಇದಕ್ಕೆ ಸಾಕ್ಷಿ. 1970ರ ದಶಕದ ಕೊನೆಯಲ್ಲಿ ಖ್ಮೇರ್ ರೂಜ್ ಆಡಳಿತದಲ್ಲಿ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡ ದೇಶ ಅದು. ಅಂಗ್ಕೋರ್ ವಾಟ್‌ನ ಗೋಪುರಗಳನ್ನು ಬಾವುಟದ ಮೇಲೆ ಹೊತ್ತು ಮತ್ತೆ ಎದ್ದು ನಿಂತಿದೆ. ಅಲ್ಲಿ ಹೋಗಿ "ಇದು ನಮ್ಮದು" ಎನ್ನುವುದು ಅವರ ಅಂಗಳದಲ್ಲಿ ನಿಂತು ಅವರ ಅಜ್ಜನ ಹೆಸರು ಅಳಿಸಿದ ಹಾಗೆ. ಕಾಡಿನಲ್ಲಿ ಕಳೆದುಹೋದದ್ದನ್ನು ಫ್ರೆಂಚರು ಪತ್ತೆ ಹಚ್ಚಿದರೆಂಬ ಕಥೆಯೂ ಹಾಗೆಯೇ. ಅವರು ಬಂದಾಗ ಅಂಗ್ಕೋರ್ ವಾಟ್‌ನಲ್ಲಿ ಭಿಕ್ಷುಗಳು ವಾಸವಾಗಿದ್ದರು, ಪೂಜೆ ನಿಂತಿರಲಿಲ್ಲ. ಇಂದಿಗೂ ಪಶ್ಚಿಮ ದ್ವಾರದಲ್ಲಿ ಎಂಟು ಕೈಗಳ ವಿಷ್ಣುವಿಗೆ ಊರಿನವರು ಜರಿಯ ಬಟ್ಟೆ ಉಡಿಸಿ, ಊದುಬತ್ತಿ ಹಚ್ಚಿ, ತಾ ರೀಚ್ ಎಂದು ಕರೆದು ಹರಕೆ ಹೊರುತ್ತಾರೆ. ಅತ್ತೆಯವರು ಅಲ್ಲಿಯ ಹೆಂಗಸರ ಪಕ್ಕದಲ್ಲೇ ನಿಂತು ಕೈ ಮುಗಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಇನ್ನು ವ್ಯವಹಾರದ ಮಾತು. ಪಾಸ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದನ್ನು ಹತ್ತು ದಿನದೊಳಗೆ ಬಿಡಿಬಿಡಿಯಾಗಿ ಬಳಸಬಹುದು, ಅದನ್ನೇ ಕೊಳ್ಳಿ. ದರ, ವೀಸಾ ನಿಯಮಗಳನ್ನು ಹೊರಡುವ ಮುನ್ನ ಅಧಿಕೃತ ತಾಣದಲ್ಲೇ ಖಚಿತ ಮಾಡಿಕೊಳ್ಳಿ. ಹೋಗಲು ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ. ತುಕ್‌ತುಕ್‌ನವರು ಕರೆದೊಯ್ಯುವ ಸಣ್ಣ ಸುತ್ತು, ದೊಡ್ಡ ಸುತ್ತು ಎರಡೂ ಫ್ರೆಂಚರ ಕಾಲದ ಪ್ರವಾಸಿಗಳಿಗಾಗಿ ರೂಪಿಸಿದವು. ದಾರಿ ಸಲೀಸು, ಇತಿಹಾಸ ಹಿಂದುಮುಂದು. ನನ್ನ ಸಲಹೆ ಕಾಲಕ್ರಮದ್ದು: ಮೊದಲು 881ರ ಬಾಕೋಂಗ್, ಆಮೇಲೆ ಬಂತೇ ಸ್ರೈ, ಎರಡನೇ ದಿನ ಪೂರ್ತಿ ಅಂಗ್ಕೋರ್ ವಾಟ್, ಮೂರನೇ ದಿನ ತಾ ಪ್ರೋಮ್ ಮತ್ತು ಬಾಯೋನ್. ದಿನಕ್ಕೆ ಎರಡು ಗುಡಿ ಸಾಕು. ಅಂಗ್ಕೋರ್ ವಾಟ್‌ನ ಸೂರ್ಯೋದಯಕ್ಕೆ ಕೊಳದ ದಡದಲ್ಲಿ ಮೊಬೈಲುಗಳ ಜಾತ್ರೆಯೇ ನೆರೆದಿರುತ್ತದೆ. ಗುಡಿ ಪಶ್ಚಿಮಾಭಿಮುಖ, ಅದರ ಮುಖಕ್ಕೆ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆ. ಮೂರರ ನಂತರ ಹೋಗಿ ನೋಡಿ.

ಮಂಡಿನೋವಿನ ಅಮ್ಮನನ್ನು ಧಾರಾಳವಾಗಿ ಕರೆದೊಯ್ಯಿರಿ. ಅಂಗ್ಕೋರ್ ವಾಟ್‌ನ ಮೇಲಿನ ಹಂತದ ಮೆಟ್ಟಿಲು ಬಲು ಕಡಿದು, ಅದನ್ನು ಬಿಟ್ಟುಬಿಡಿ. ಕಥೆಗಳೆಲ್ಲ ಇರುವುದು ಕೆಳಗಿನ ಮೊಗಸಾಲೆಯಲ್ಲಿ. ಬಂತೇ ಸ್ರೈ ಸಮತಟ್ಟು ನೆಲ. ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ಹತ್ತಿ ಸೀರೆ, ಚೂಡಿದಾರ ಆ ಸೆಕೆಗೆ ಹೇಳಿಮಾಡಿಸಿದ್ದು. ಅಲ್ಲಿಯ ಅಡುಗೆಯಲ್ಲಿ ಮೀನಿನ ಸಾರ, ಹುದುಗಿಸಿದ ಮೀನು ಸಾಮಾನ್ಯ, ಬರೀ ತರಕಾರಿ ಎಂದರೂ ಸೇರಿರುತ್ತದೆ. ಮೀನಿನ ಸಾಸ್ ಬೇಡವೆಂದು ಬಿಡಿಸಿ ಹೇಳಬೇಕು. ಸಿಯೆಮ್ ರೀಪ್‌ನಲ್ಲಿ ಭಾರತೀಯ ಹೋಟೆಲುಗಳಿವೆ, ಜತೆಗೊಂದು ಡಬ್ಬಿ ಚಟ್ನಿಪುಡಿ ಇದ್ದರೆ ಅನ್ನಕ್ಕೆ ಚಿಂತೆಯಿಲ್ಲ. ಬಿಲ್ಲೆಯುಳ್ಳ ಗೈಡ್ ಒಬ್ಬರನ್ನು ಒಂದು ದಿನವಾದರೂ ಇಟ್ಟುಕೊಳ್ಳಿ. ಕಥೆ ನಮಗೆ ಗೊತ್ತಿದ್ದರೂ ಖ್ಮೇರರು ಅದನ್ನು ಹೇಗೆ ಹೇಳುತ್ತಾರೆಂದು ಕೇಳುವುದು ಮುಖ್ಯ. ಮಕ್ಕಳು ಮಾರುವ ಸಾಮಾನು ಕೊಳ್ಳಬೇಡಿ, ಅದರಿಂದ ಅವರಿಗೆ ಶಾಲೆ ತಪ್ಪುತ್ತದೆ. ದೂರದ ಗುಡಿಗಳಲ್ಲಿ ಕಾಲುದಾರಿ ಬಿಟ್ಟು ಕಾಡಿಗೆ ಇಳಿಯಬೇಡಿ, ಯುದ್ಧಕಾಲದ ನೆಲಬಾಂಬುಗಳ ಅಪಾಯ ದೇಶದಿಂದ ಪೂರ್ತಿ ಹೋಗಿಲ್ಲ. ಥಾಯ್ಲೆಂಡ್ ಗಡಿಯ ಬೆಟ್ಟದ ಮೇಲಿರುವ ಪ್ರೀಯ ವಿಹಾರ್ ಶಿವಾಲಯ ಅದ್ಭುತವಾದದ್ದು, ಆದರೆ 2025ರ ಜುಲೈನಲ್ಲಿ ಆ ಗಡಿಯಲ್ಲಿ ಎರಡೂ ಸೇನೆಗಳು ಕಾದಾಡಿವೆ. ಪರಿಸ್ಥಿತಿ ವಿಚಾರಿಸದೆ ಆ ಕಡೆ ಹೋಗಬೇಡಿ.

2023ರ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ನಡೆದ ಯುನೆಸ್ಕೋದ ಒಂದೇ ಅಧಿವೇಶನದಲ್ಲಿ ಕಾಂಬೋಡಿಯಾದ ಕೋ ಕೆರ್ ಮತ್ತು ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಂಗ್ಕೋರ್ 1992ರಲ್ಲೇ ಸೇರಿತ್ತು. ಅದು ಅಪಾಯದ ಪಟ್ಟಿಯಿಂದ ಹೊರಬರಲು ಹನ್ನೆರಡು ವರ್ಷ ಹಿಡಿಯಿತು. ಆ ದೇಶ ಬಡತನದ ನಡುವೆಯೂ ಗುಡಿಗಳ ಸುತ್ತ ಕಾಡು ಉಳಿಸಿದೆ, ತರಬೇತಾದ ಗೈಡುಗಳನ್ನು ಬೆಳೆಸಿದೆ, ನೋಡಲು ಬಂದವರು ಹೇಗೆ ನಡೆದುಕೊಳ್ಳಬೇಕೆಂದು ನಿಯಮ ಮಾಡಿ ಪಾಲಿಸುತ್ತಿದೆ. ನಮ್ಮ ಮೂರು ಊರುಗಳಿಗೂ ಅದೇ ಕಾಳಜಿ ಸಲ್ಲಬೇಕು, ಪಟ್ಟಿಯಲ್ಲಿಲ್ಲದ ದೊಡ್ಡಗದ್ದವಳ್ಳಿ, ಕೋರವಂಗಲ, ಅರಸೀಕೆರೆ, ನುಗ್ಗೇಹಳ್ಳಿಗಳಿಗೆ ಇನ್ನೂ ಹೆಚ್ಚು ಸಲ್ಲಬೇಕು. ಜನ ಹೋಗಿ ನೋಡುವ, ಕೇಳುವ ಗುಡಿಯನ್ನು ಸರಕಾರವೂ ಮರೆಯಲಾರದು. ಹಾಗಾಗಿ ಬರುವ ವಾರದ ಕೊನೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಾಸನಕ್ಕೆ ಹೋಗಿ. ದೊಡ್ಡಗದ್ದವಳ್ಳಿಯಲ್ಲಿ ಒಂದು ಗಂಟೆ ನಿಲ್ಲಿ, ಹಳೇಬೀಡಿನಲ್ಲಿ ರಾವಣನನ್ನೂ ಚಕ್ರವ್ಯೂಹವನ್ನೂ ಅವರೇ ಹುಡುಕಲಿ. ಆಮೇಲೆ ಪಾಸ್‌ಪೋರ್ಟ್ ತೆಗೆಯಿರಿ.